ಬೀಗ ಉಂಟು, ಹೆಸರು ಬೇರೆಯವರದ್ದು

ಉಡುಪಿ ಕಡೆ ಸಣ್ಣಪುಟ್ಟ ಸಂಘಗಳ ಸಭೆಗೆ ಹೋಗುವವರಿಗೆ ಇದು ಹೊಸದಲ್ಲ. ಕಾರ್ಯದರ್ಶಿ ಯಾವುದೋ ಮೇಲ್ ತೋರಿಸಲು ಫೋನ್ ಹೊರಗೆ ತೆಗೆಯುತ್ತಾರೆ. ಪರದೆ ಮೇಲೆ ಒಂದು ಎಚ್ಚರಿಕೆ ಬರುತ್ತದೆ. ಸರ್ವರ್‌ನ ಗುರುತು ಖಾತ್ರಿಯಾಗಿಲ್ಲ, ಬೇರೆ ಯಾರೋ ಆ ಸರ್ವರ್ ಅಂತ ನಟಿಸುತ್ತಿರಬಹುದು, ಮುಂದುವರಿಯಬೇಕೇ ಎಂದು ಕೇಳುತ್ತದೆ. ಅಷ್ಟು ಓದುವ ಮೊದಲೇ ಹೆಬ್ಬೆರಳು 'ಮುಂದುವರಿಸಿ' ಒತ್ತಿ ಆಗಿರುತ್ತದೆ. ಇದೆಂತ ಅಂತ ಕೇಳಿದರೆ "ಅದು ಯಾವಾಗ್ಲೂ ಬರ್ತದೆ ಮಾರಾಯ್ರೆ, ಒತ್ತಿದ್ರೆ ಹೋಗ್ತದೆ" ಅನ್ನುತ್ತಾರೆ. ಹೋಗುತ್ತದೆ, ನಿಜ. ಆದರೆ ಫೋನ್ ಕೊಡುವ ಎಚ್ಚರಿಕೆಗಳಲ್ಲಿ ಗಂಭೀರವಾದದ್ದು ಅದು. ಸರ್ವರ್ ಅಂದರೆ ಮೇಲ್ ಇರುವ ದೂರದ ಕಂಪ್ಯೂಟರ್. ಅದರ ಗುರುತಿನ ಚೀಟಿಗೆ ಸರ್ಟಿಫಿಕೇಟ್ ಅನ್ನುತ್ತಾರೆ, ಅದು ತಾಳೆಯಾಗಲಿಲ್ಲ ಅಂತ ಫೋನ್ ಹೇಳುತ್ತಾ ಉಂಟು. ಅದೇ ದಿನಾ ಬರುವ ಉಪದ್ರ ಆಗಿಬಿಟ್ಟರೆ, ನಿಜವಾಗಿ ಯಾರೋ ಮಧ್ಯೆ ಕೂತ ದಿನ ಗೊತ್ತಾಗುವುದು ಹೇಗೆ? ಇದು ನನ್ನ ತಲೆಯಲ್ಲಿ ತುಂಬ ಸಮಯದಿಂದ ಕೊರೆಯುತ್ತಾ ಉಂಟು.

ಇಂಥ ಎಚ್ಚರಿಕೆ ಜಾಸ್ತಿ ಕಾಣುವುದು ಪುಕ್ಕಟೆ ಹೋಸ್ಟಿಂಗ್‌ನಲ್ಲಿ, ಅಂದರೆ ದುಡ್ಡಿಲ್ಲದೆ ಸರ್ವರ್‌ನಲ್ಲಿ ಜಾಗ ಕೊಡುವ ಕಂಪನಿಗಳಲ್ಲಿ, ಸೈಟ್ ಇಟ್ಟವರ ಹತ್ತಿರ. ನಮ್ಮಲ್ಲಿ ಅಂಥವರು ಧಾರಾಳ. ಯಕ್ಷಗಾನ ಸಂಘ, ಯುವಕ ಮಂಡಲ, ಭಜನಾ ಮಂಡಳಿ, ಹಳೆ ವಿದ್ಯಾರ್ಥಿ ಸಂಘ, ದೈವಸ್ಥಾನದ ಜೀರ್ಣೋದ್ಧಾರ ಸಮಿತಿ, ಎಲ್ಲರಿಗೂ ಒಂದು ಸೈಟ್ ಬೇಕು. ಮಣಿಪಾಲದಲ್ಲೋ ಸುರತ್ಕಲ್‌ನಲ್ಲೋ ಇಂಜಿನಿಯರಿಂಗ್ ಓದುವ ಊರಿನ ಹುಡುಗ ಒಂದು ಭಾನುವಾರ ಕೂತು ಮಾಡಿಕೊಡುತ್ತಾನೆ. ಡೊಮೈನ್‌ನ, ಅಂದರೆ ಸೈಟಿನ ಹೆಸರಿನ ದುಡ್ಡನ್ನು ಯಾರೋ ಒಬ್ಬರು ಕೈಯಿಂದ ಹಾಕುತ್ತಾರೆ. ಹೋಸ್ಟಿಂಗ್ ಪುಕ್ಕಟೆ. ಆಮೇಲೆ ಹುಡುಗ ಬೆಂಗಳೂರಿಗೆ ಹೋಗುತ್ತಾನೆ. ಸೈಟ್ ಇಲ್ಲಿ ಉಳಿಯುತ್ತದೆ, ಅದರ ಜೊತೆ ಬಂದ ಮೇಲ್ ವಿಳಾಸವೂ ಉಳಿಯುತ್ತದೆ. ಅಷ್ಟರಲ್ಲಿ ಆ ವಿಳಾಸ ಲೆಟರ್‌ಹೆಡ್‌ನಲ್ಲಿ, ರಶೀದಿ ಪುಸ್ತಕದಲ್ಲಿ, ಆಮಂತ್ರಣದ ಹಿಂಬದಿಯಲ್ಲಿ ಅಚ್ಚಾಗಿ ಹೋಗಿರುತ್ತದೆ. ಮುಂಬೈಯಲ್ಲಿ, ದುಬೈಯಲ್ಲಿ ಇರುವ ಊರಿನವರು ದೇಣಿಗೆಯ ವಿಷಯ ಬರೆಯುವುದೂ ಅದಕ್ಕೇ. ಸೈಟ್ ವಾರಗಟ್ಟಲೆ ಯಾರೂ ನೋಡದಿದ್ದರೂ ನಡೆಯುತ್ತದೆ. ಮೇಲ್ ಹಾಗಲ್ಲ.

ಸೈಟಿಗೆ ಉಂಟು, ಮೇಲ್‌ಗೆ ಯಾಕಿಲ್ಲ?

ಕಾಪು ಕಡೆಯ ಒಂದು ತಾಳಮದ್ದಳೆ ಸಂಘದ ಖಜಾಂಚಿ ಒಬ್ಬರು ಈ ಎಚ್ಚರಿಕೆಯನ್ನು ಒತ್ತಿ ಸುಮ್ಮನಾಗುವ ಪೈಕಿ ಅಲ್ಲ. ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹಳೇ ವೋಚರ್‌ಗಳ ಖಾಲಿ ಬೆನ್ನಿನಲ್ಲಿ ಎಲ್ಲವನ್ನೂ ಬರೆದಿಡುವ ಅಭ್ಯಾಸ ಅವರಿಗೆ ಬಿಟ್ಟು ಹೋಗಿಲ್ಲ. ಸಂಘದ ಕೋಣೆ ಒಂದು ದಿನಸಿ ಅಂಗಡಿಯ ಮಹಡಿಯಲ್ಲಿ. ಅಲ್ಲಿ ಮೇಜಿನ ಮೇಲೆ ಅವರು ಒಂದು ವೋಚರ್ ಕಟ್ಟು ಬಿಚ್ಚಿ ನನ್ನ ಮುಂದೆ ಇಟ್ಟರು. ಎಚ್ಚರಿಕೆ ಬಂದ ತಾರೀಕು, ಹೊತ್ತು, ಅದರ ಮಾತು, ಕೆಳಗೆ ಸಣ್ಣ ಅಕ್ಷರದಲ್ಲಿ ಬಂದ ಸರ್ವರ್‌ನ ಹೆಸರು, ಎಲ್ಲ ಬಾಲ್‌ಪೆನ್‌ನಲ್ಲಿ ದುಂಡಗೆ. ಸ್ಪೆಲ್ಲಿಂಗ್ ಅನುಮಾನ ಇದ್ದಲ್ಲಿ ಅಡಿಗೆರೆ. "ನಮ್ಮ ಸೈಟಿಗೆ ಬೀಗದ ಚಿತ್ರ ಬರ್ತದೆ. ಅಂದ್ರೆ ಸರ್ಟಿಫಿಕೇಟ್ ಉಂಟು. ಅದೇ ಹೆಸರಿನ ಮೇಲ್‌ಗೆ ಯಾಕೆ ಇಲ್ಲ? ಮತ್ತೆ ಇದು ಸರಿಯಾಗಿ ಎರಡು ತಿಂಗಳಿಗೊಮ್ಮೆ ಯಾಕೆ ಬರ್ತದೆ?"

ಎರಡನೇ ಪ್ರಶ್ನೆ ಕೇಳಿ ನಾನು ನೆಟ್ಟಗೆ ಕೂತೆ. ಯಾಕೆಂದರೆ ಅಷ್ಟು ಬರೆದಿಟ್ಟವರು ಮಾತ್ರ ಕೇಳಬಹುದಾದ ಪ್ರಶ್ನೆ ಅದು.

ಮೊದಲನೆಯದಕ್ಕೆ ಉತ್ತರ ಸುಲಭ. ಸೈಟ್ ತೋರಿಸುವ ಪ್ರೋಗ್ರಾಂ ಬೇರೆ, ಮೇಲ್ ಕೊಡುವ ಪ್ರೋಗ್ರಾಂ ಬೇರೆ. ಸೈಟ್ 443ನೇ ಪೋರ್ಟ್‌ನಲ್ಲಿ ಮಾತಾಡುತ್ತದೆ, ಪೋರ್ಟ್ ಅಂದರೆ ಸರ್ವರ್‌ನ ಬಾಗಿಲಿನ ನಂಬರ್ ಇದ್ದ ಹಾಗೆ. ಮೇಲ್ ಓದುವುದು 993ರಲ್ಲಿ, ಕಳಿಸುವುದು 465 ಅಥವಾ 587ರಲ್ಲಿ. ಒಂದೊಂದು ಕಡೆ ಯಾವ ಸರ್ಟಿಫಿಕೇಟ್ ತೋರಿಸಬೇಕು ಎನ್ನುವುದು ಬೇರೆ ಬೇರೆ ಕಡೆ ಬರೆದಿರುತ್ತದೆ. ಪುಕ್ಕಟೆ ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎಸ್‌ಎಸ್‌ಎಲ್ (ಗುಪ್ತ ಸಂಪರ್ಕದ ವ್ಯವಸ್ಥೆ) ಎನ್ನುವ ಚಿತ್ರ ಒತ್ತಿ ನಾವು ಹಾಕುವ ಸರ್ಟಿಫಿಕೇಟ್ ಸಾಮಾನ್ಯವಾಗಿ ಹೋಗುವುದು ಸೈಟಿಗೆ ಮಾತ್ರ. ಮೇಲ್ ಸರ್ವರ್ ಇಡೀ ಯಂತ್ರಕ್ಕೆ ಒಂದೇ. ಅದರಲ್ಲಿ ನಮ್ಮಂಥ ಎಷ್ಟೋ ಖಾತೆಗಳು ಇರುತ್ತವೆ. ಅದು ಎಲ್ಲರಿಗೂ ತೋರಿಸುವುದು ಹೋಸ್ಟಿಂಗ್ ಕಂಪನಿಯ ಹೆಸರಿನ ಸರ್ಟಿಫಿಕೇಟ್. ಕೇಳಿದ ಹೆಸರು ನೋಡಿ ಅದಕ್ಕೆ ತಕ್ಕ ಸರ್ಟಿಫಿಕೇಟ್ ಕೊಡುವ ವಿದ್ಯೆ ಮೇಲ್ ಸರ್ವರ್‌ಗಳಿಗೂ ಬರುತ್ತದೆ. ದುಡ್ಡು ಕೊಟ್ಟು ಇರುವ ಕಡೆ ಅದನ್ನು ಮಾಡಿಯೂ ಇಟ್ಟಿರುತ್ತಾರೆ. ಪುಕ್ಕಟೆ ಖಾತೆಗೆ ಅಷ್ಟು ಕಷ್ಟ ಯಾರು ಪಡುತ್ತಾರೆ?

ನಾನು ಇಷ್ಟು ಹೇಳುವಾಗ ಅವರು ಮಧ್ಯೆ ತಡೆದರು. "ಹಾಗಾದ್ರೆ ಚೆಕ್ ಅಸಲಿಯೇ. ಸಹಿಯೂ ಸರಿ, ತಾರೀಕೂ ಸರಿ. ಆದ್ರೆ ಬರೆದ ಹೆಸರು ಬೇರೆ, ಕೌಂಟರಿಗೆ ಬಂದ ಮನುಷ್ಯ ಬೇರೆ. ಅಷ್ಟೇ ಅಲ್ವಾ?" ಅಷ್ಟೇ. ಇದಕ್ಕಿಂತ ಚೆನ್ನಾಗಿ ನಾನು ಹೇಳಲು ಸಾಧ್ಯ ಇರಲಿಲ್ಲ. ಹೆಸರು ಬದಲಾದರೆ ಏನೇನು ಆಗುತ್ತದೆ ಎನ್ನುವುದು ಈ ಜಿಲ್ಲೆಯ ಬ್ಯಾಂಕಿನವರಿಗೆ ಹೇಳಿಕೊಡಬೇಕಾಗಿಲ್ಲ. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್‌ಗೆ. ಮಂಗಳೂರಿನಲ್ಲಿ, ಉಡುಪಿಯಲ್ಲಿ ಹುಟ್ಟಿದ ಮೂರು ಹೆಸರು ಬೋರ್ಡಿನಿಂದ ಇಳಿದವು. ಸಿಂಡಿಕೇಟಿನ ಹಳೇ ಐಎಫ್‌ಎಸ್‌ಸಿ 2021ರ ಜುಲೈಯಿಂದ ನಡೆಯುವುದಿಲ್ಲ ಅಂದಾಗ ಸಂಘದ ರಶೀದಿ ಪುಸ್ತಕದಲ್ಲಿ ಹೊಸ ಕೋಡಿನ ಸೀಲ್ ಹೊಡೆದದ್ದು ಇವರೇ. ದುಡ್ಡು ಅದೇ, ಶಾಖೆ ಅದೇ, ಹೆಸರು ಸರಿ ಬರೆಯದಿದ್ದರೆ ವಾಪಸ್.

ಇನ್ನು ಆ ಎರಡು ತಿಂಗಳ ಲೆಕ್ಕ. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ 2015ರ ಕೊನೆಗೆ ಎಲ್ಲರಿಗೂ ತೆರೆದುಕೊಂಡಿತು. ಅದರ ಸಾಮಾನ್ಯ ಸರ್ಟಿಫಿಕೇಟ್‌ನ ಆಯುಸ್ಸು 90 ದಿನ. ಕೊನೇ ದಿನದವರೆಗೆ ಕಾಯದೆ, ಸುಮಾರು 60 ದಿನಕ್ಕೆ ತಾನಾಗಿ ಹೊಸದು ತೆಗೆದುಕೊಳ್ಳುವ ಹಾಗೆ ಸರ್ವರ್‌ನಲ್ಲಿ ಇಟ್ಟಿರುತ್ತಾರೆ. ಖಜಾಂಚಿಗಳ ಹತ್ತಿರ ಇರುವುದು ಮಗ ದುಬೈಯಿಂದ ತಂದುಕೊಟ್ಟ ಐಫೋನ್. ಒಮ್ಮೆ ಈ ಸರ್ಟಿಫಿಕೇಟ್ ನಂಬು ಎಂದು ಹೇಳಿದರೆ ಅದು ಆ ಒಂದನ್ನು ನೆನಪಿಟ್ಟುಕೊಂಡು ಸುಮ್ಮನಿರುತ್ತದೆ. ಹೋಸ್ಟಿಂಗ್‌ನವರ ಸರ್ಟಿಫಿಕೇಟ್ ಹೊಸದಾದ ದಿನ ಮತ್ತೆ ಬೊಬ್ಬೆ. ಕಂಪ್ಯೂಟರ್‌ನಲ್ಲಿ ಮೇಲ್ ಓದುವ ಥಂಡರ್‌ಬರ್ಡ್ ಪ್ರೋಗ್ರಾಂ ಮಾಡುವುದೂ ಇದನ್ನೇ. ಅಂದರೆ ವೋಚರ್ ಬೆನ್ನಿನ ತಾರೀಕುಗಳು ಎಲ್ಲೋ ದೂರದ ಸರ್ವರ್‌ನ ನವೀಕರಣದ ದಿನಚರಿ ಆಗಿದ್ದವು. ಇದು ಗೊತ್ತಾದಾಗ ಅವರ ಮುಖ ನೋಡಬೇಕಿತ್ತು. ವರ್ಷದ ಕೊನೆಗೆ ಲೆಕ್ಕ ಪೈಸೆಗೆ ಪೈಸೆ ತಾಳೆಯಾದಾಗ ಬರುವ ಖುಷಿ.

ಹೆಸರು, ತಾರೀಕು, ಕೊಟ್ಟವರು

ಇಂಥದ್ದು ಎದುರಾದಾಗ ಹೆಚ್ಚಿನವರು ಶುರುಮಾಡುವುದು ತಪ್ಪು ಕಡೆಯಿಂದ. ಪಾಸ್‌ವರ್ಡ್ ಬದಲಿಸುತ್ತಾರೆ, ಆ್ಯಪ್ ತೆಗೆದು ಮತ್ತೆ ಹಾಕುತ್ತಾರೆ, ಪ್ಯಾನೆಲ್‌ಗೆ ಹೋಗಿ ಸೈಟಿನ ಸರ್ಟಿಫಿಕೇಟನ್ನು ಅಳಿಸಿ ಮತ್ತೆ ಕೇಳುತ್ತಾರೆ. ಕೊನೆಯದ್ದು ಎಲ್ಲಕ್ಕಿಂತ ಕೆಟ್ಟದ್ದು. ಮೇಲ್ ಸರಿಯಾಗುವುದಿಲ್ಲ, ನೆಟ್ಟಗಿದ್ದ ಸೈಟಿಗೂ ಎಚ್ಚರಿಕೆ ಬರಲು ಶುರುವಾಗುತ್ತದೆ. ಮೊದಲು ನೋಡಬೇಕಾದದ್ದು ಸರ್ಟಿಫಿಕೇಟನ್ನೇ. ಎಚ್ಚರಿಕೆಯಲ್ಲಿ 'ವಿವರ' ಅಂತ ಒಂದು ಬಟನ್ ಇರುತ್ತದೆ, ಅದನ್ನು ಯಾರೂ ಒತ್ತುವುದಿಲ್ಲ. ಕಂಪ್ಯೂಟರ್ ಇದ್ದರೆ ಓಪನ್‌ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಂನ s_client ಆದೇಶಕ್ಕೆ ಮೇಲ್ ಸರ್ವರ್‌ನ ಹೆಸರು ಮತ್ತು 993 ಕೊಟ್ಟರೆ ಎಲ್ಲವನ್ನೂ ಮುಂದೆ ಸುರಿಯುತ್ತದೆ. ಓದಬೇಕಾದದ್ದು ಯಾರ ಹೆಸರಿಗೆ ಕೊಟ್ಟದ್ದು, ಎಲ್ಲಿಯವರೆಗೆ, ಕೊಟ್ಟವರು ಯಾರು ಎನ್ನುವುದಷ್ಟೇ. ತಕರಾರು ಇರುವುದು ಸಾಧಾರಣವಾಗಿ ಇವುಗಳಲ್ಲೇ ಎಲ್ಲೋ ಒಂದು ಕಡೆ.

ಹೆಸರಿನ ತಕರಾರಾದರೆ ಮದ್ದು ಅಲ್ಲೇ ಇರುತ್ತದೆ. ಸರ್ಟಿಫಿಕೇಟ್‌ನಲ್ಲಿ ಯಾವ ಹೆಸರು ಉಂಟೋ ಅದನ್ನೇ ಫೋನ್‌ನ ಸೆಟ್ಟಿಂಗ್‌ನಲ್ಲಿ ಸರ್ವರ್ ಹೆಸರಾಗಿ ಹಾಕಿದರೆ ಮುಗಿಯಿತು. ಆ ಹೆಸರು ಹೋಸ್ಟಿಂಗ್‌ನವರದ್ದೇ ಅಂತ ಅವರ ಪ್ಯಾನೆಲ್‌ನಲ್ಲೋ ಸಹಾಯದ ಪುಟದಲ್ಲೋ ಮೊದಲು ನೋಡಿಕೊಳ್ಳಬೇಕು, ಎಚ್ಚರಿಕೆಯ ಸಂದೇಶದಲ್ಲಿ ಕಂಡದ್ದನ್ನು ಸುಮ್ನೆ ನಕಲು ಮಾಡಬಾರದು. ಒಳಬರುವ ಮೇಲ್‌ಗೂ ಅದೇ, ಹೊರಹೋಗುವುದಕ್ಕೂ ಅದೇ. ಯೂಸರ್‌ನೇಮ್ ಜಾಗದಲ್ಲಿ ಮಾತ್ರ ಸಂಘದ ಪೂರ್ತಿ ಮೇಲ್ ವಿಳಾಸ ಹಾಗೇ ಇರಬೇಕು. "ನಮ್ಮ ಸಂಘದ ಹೆಸರು ಹೋಯ್ತಲ್ಲ" ಅಂತ ಕೆಲವರಿಗೆ ಬೇಸರವಾಗುತ್ತದೆ. ಎಲ್ಲಿಗೂ ಹೋಗಿಲ್ಲ. ಮೇಲ್ ಪಡೆದವರಿಗೆ ಕಾಣುವುದು ಸಂಘದ ವಿಳಾಸವೇ. ಸರ್ವರ್‌ನ ಹೆಸರು ಕಾಣುವುದು ನಮ್ಮ ಫೋನ್‌ನ ಸೆಟ್ಟಿಂಗ್‌ನಲ್ಲಿ, ಅದನ್ನು ನೋಡಲು ಯಾರು ಬರುತ್ತಾರೆ? ಖಜಾಂಚಿಗಳ ಫೋನ್‌ನಲ್ಲಿ ಹೀಗೆ ಹೆಸರು ಬದಲಿಸಿದ್ದಕ್ಕೆ ಬೊಬ್ಬೆ ನಿಂತಿತು. ಹಿಂದೆ ಕೊಟ್ಟ ವಿನಾಯಿತಿಗಳನ್ನು ಹುಡುಕಿ ಅಳಿಸಲಿಕ್ಕೂ ಮರೆಯಬಾರದು. ಅವು ಮೂಲೆಯಲ್ಲಿ ಹಾಗೇ ಇದ್ದರೆ ನಾಳೆ ಯಾವ ತಪ್ಪನ್ನು ಮುಚ್ಚಿಡುತ್ತವೋ ಹೇಳಲಾಗದು.

ಆದರೆ ಇದು ಎಲ್ಲ ಸಲ ಇಷ್ಟು ಸಲೀಸಲ್ಲ. ನಕ್ಷತ್ರದ ಗುರುತಿನ ಸರ್ಟಿಫಿಕೇಟ್ ನೋಡಿ ಮೋಸಹೋಗುವವರು ಜಾಸ್ತಿ. ಡೊಮೈನ್ ಮುಂದೆ ನಕ್ಷತ್ರ ಇದ್ದರೆ ಅದು ಒಂದು ಮೆಟ್ಟಿಲಿಗೆ ಮಾತ್ರ ಹೊಂದುತ್ತದೆ. ಅದರೊಳಗೆ ಇನ್ನೊಂದು ಚುಕ್ಕಿ ಹಾಕಿ ಉಪಹೆಸರು ಕೊಟ್ಟರೆ ಹೊಂದುವುದಿಲ್ಲ. *.example.com ಅಂತ ಇದ್ದರೆ mail.example.com ಸರಿ, a.mail.example.com ಸರಿಯಲ್ಲ. ಕೆಲವು ಪುಕ್ಕಟೆ ಹೋಸ್ಟ್‌ಗಳು ಸರ್ವರ್‌ಗೆ ಇಂಥ ಎರಡು ಮೆಟ್ಟಿಲಿನ ಹೆಸರೇ ಇಟ್ಟು, ಒಂದು ಮೆಟ್ಟಿಲಿನ ಸರ್ಟಿಫಿಕೇಟ್ ಹಾಕಿ ಕೂತಿರುತ್ತವೆ. ಕೆಲವು ಕಡೆ ಸರ್ವರ್ ತಾನೇ ತನಗೆ ಬರೆದುಕೊಂಡ ಸರ್ಟಿಫಿಕೇಟ್ ಇರುತ್ತದೆ. ಕೆಲವು ಕಡೆ ಅವಧಿ ಮುಗಿದದ್ದು. ಇಲ್ಲೆಲ್ಲ ನಾವು ಮಾಡುವುದು ಏನೂ ಇಲ್ಲ. ಒಂದು ದೂರು ಬರೆಯಬಹುದು. ಪುಕ್ಕಟೆ ಖಾತೆಯವರ ದೂರಿಗೆ ಉತ್ತರ ಎಷ್ಟು ಬೇಗ ಬರುತ್ತದೆ ಎನ್ನುವುದು ಬರೆದವರಿಗೆ ಗೊತ್ತು.

ಕ್ಲೌಡ್‌ಫ್ಲೇರ್, ಅಂದರೆ ಸೈಟಿನ ಮುಂದೆ ನಿಂತು ಬಂದವರನ್ನು ಒಳಗೆ ಬಿಡುವ ಸೇವೆ, ಹಾಕಿಕೊಂಡವರದ್ದು ಇನ್ನೊಂದು ಕಥೆ. 2014ರಿಂದ ಪುಕ್ಕಟೆ ಸೈಟುಗಳಿಗೂ ಅವರು ಎಸ್‌ಎಸ್‌ಎಲ್ ಕೊಡುತ್ತಿದ್ದಾರೆ, ದೊಡ್ಡ ಉಪಕಾರ. ಆದರೆ ಅವರ ಪುಕ್ಕಟೆ ಖಾತೆಯಲ್ಲಿ ಕಿತ್ತಳೆ ಬಣ್ಣದ ಮೋಡದ (ಅವರ ಸರ್ವರ್ ಮೂಲಕ ಹಾಯಿಸು ಎನ್ನುವ ಗುರುತು) ಮೂಲಕ ಹಾದುಹೋಗುವುದು ವೆಬ್ ಮಾತ್ರ, ಮೇಲ್ ಹೋಗುವುದಿಲ್ಲ. ಮೇಲ್ ಸರ್ವರ್‌ನ ಹೆಸರಿಗೆ ಕಿತ್ತಳೆ ಮೋಡ ಹಾಕಿದರೆ ಸಂಪರ್ಕವೇ ಆಗುವುದಿಲ್ಲ. ಮೋಡವನ್ನು ಬೂದು ಮಾಡಿ ನೇರ ಬಿಟ್ಟರೆ ಸಂಪರ್ಕ ಆಗುತ್ತದೆ, ಆದರೆ ಎದುರಿಗೆ ಬರುವುದು ಹಿಂದಿನ ಹೋಸ್ಟ್‌ನ ಸರ್ಟಿಫಿಕೇಟ್. ಕ್ಲೌಡ್‌ಫ್ಲೇರ್ ಕೊಡುವ ಆರಿಜಿನ್ ಸರ್ಟಿಫಿಕೇಟ್ ಅಂತ ಒಂದು ಉಂಟು, ಹದಿನೈದು ವರ್ಷದವರೆಗೂ ಅವಧಿ ಇರುತ್ತದೆ. ಅದನ್ನು ಮೇಲ್‌ಗೆ ಹಾಕಿ ಗೆದ್ದೆ ಅಂದುಕೊಳ್ಳುವವರು ಇದ್ದಾರೆ. ಅದನ್ನು ನಂಬುವುದು ಕ್ಲೌಡ್‌ಫ್ಲೇರ್ ಒಂದೇ, ನಮ್ಮ ಫೋನ್ ನಂಬುವುದಿಲ್ಲ.

ಇನ್ನೂ ಒಂದು ಕಡೆ ಸಿಕ್ಕಿಹಾಕಿಕೊಳ್ಳುವುದು ಉಂಟು. ಜಿಮೇಲ್‌ನೊಳಗಿಂದಲೇ ಸಂಘದ ವಿಳಾಸದಲ್ಲಿ ಮೇಲ್ ಕಳಿಸುವ ಸೌಲಭ್ಯ ಇದೆಯಲ್ಲ, ಅಲ್ಲಿ ಸರ್ವರ್‌ನ ಹೆಸರು ಸರ್ಟಿಫಿಕೇಟ್‌ಗೆ ಹೊಂದದಿದ್ದರೆ ಗೂಗಲ್ ಖಡಾಖಂಡಿತ ಇಲ್ಲ ಅನ್ನುತ್ತದೆ. 'ಮುಂದುವರಿಸಿ' ಎಂಬ ಬಟನ್ನೇ ಇಲ್ಲ. ಜನ ಇದಕ್ಕೆ ಗೂಗಲನ್ನು ಬೈಯುತ್ತಾರೆ. ನನಗೇನೋ ಈ ಮೊಂಡುತನವೇ ಸರಿ ಅನಿಸುತ್ತದೆ. ಬಟನ್ ಇದ್ದರೆ ಒತ್ತುತ್ತೇವೆ, ಅಷ್ಟೇ ಅಲ್ವಾ?

ಮಳೆಗಾಲದ ಗಡಿಯಾರ

ಹೆಸರು ಸರಿ ಇದ್ದೂ ತಾರೀಕಿನಲ್ಲಿ ಸಿಕ್ಕಿಬೀಳುವುದು ನಮ್ಮ ಕರಾವಳಿಯಲ್ಲಿ ವಿಶೇಷವಾಗಿ ಜೂನ್, ಜುಲೈಯಲ್ಲಿ. ಅದೇ ಸಂಘದ ಕೋಣೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಉಂಟು. ವಿಂಡೋಸ್ 7. ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಅದರ ಕೈಬಿಟ್ಟಿತು, ಸಂಘ ಬಿಟ್ಟಿಲ್ಲ. ಪ್ರಸಂಗಪಟ್ಟಿ, ಸದಸ್ಯರ ವಿಳಾಸ, ಇಷ್ಟು ವರ್ಷದ ಫೋಟೋ ಎಲ್ಲ ಅದರಲ್ಲೇ. ಮಳೆಗಾಲ ಶುರುವಾದರೆ ಗುಡುಗು ಬಂದ ಕೂಡಲೇ ಯಾರಾದರೂ ಓಡಿ ಹೋಗಿ ಗೋಡೆಯ ಪ್ಲಗ್ ಕಿತ್ತು ಹಾಕುತ್ತಾರೆ. ಸಿಡಿಲಿಗೆ ಮೋಡೆಮ್ ಸುಟ್ಟುಕೊಳ್ಳದ ಮನೆ ಇಲ್ಲಿ ಕಡಿಮೆ, ಆದ್ದರಿಂದ ಇದು ಒಳ್ಳೆಯ ಅಭ್ಯಾಸವೇ. ಪ್ಲಗ್ ಕಿತ್ತ ಮೇಲೆ ಕಂಪ್ಯೂಟರ್‌ನ ಗಡಿಯಾರ ಓಡುವುದು ಮದರ್‌ಬೋರ್ಡ್ ಮೇಲಿನ ಸಿಆರ್2032 ಎನ್ನುವ ಬಿಲ್ಲೆ ಬ್ಯಾಟರಿಯಲ್ಲಿ. ಅದು ಸತ್ತು ಹೋಗಿತ್ತು.

ಒಂದು ಸಂಜೆ ಮಳೆ ಹೊರಗೆ ಒಂದೇ ಸಮನೆ ಹೊಡೆಯುತ್ತಾ ಇತ್ತು. ಕಾರ್ಯದರ್ಶಿ ಆ ಡೆಸ್ಕ್‌ಟಾಪ್ ಹಾಕಿದರು. ಮೇಲ್ ಮಾತ್ರ ಅಲ್ಲ, ಯಾವ ಸೈಟ್ ತೆರೆದರೂ ಎಚ್ಚರಿಕೆ. ಬ್ಯಾಂಕಿನದ್ದೂ ಸುರಕ್ಷಿತವಲ್ಲ, ಪತ್ರಿಕೆಯದ್ದೂ ಸುರಕ್ಷಿತವಲ್ಲ, ಗೂಗಲ್ಲೇ ಸುರಕ್ಷಿತವಲ್ಲ. "ವೈರಸ್ ಬಂತು" ಅಂತ ಒಬ್ಬರು, "ಹ್ಯಾಕ್ ಆಯ್ತು" ಅಂತ ಇನ್ನೊಬ್ಬರು. ಖಜಾಂಚಿಗಳು ಕನ್ನಡಕ ಹಣೆಗೆ ಏರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಕೆಳಗಿನ ಮೂಲೆಗೆ ಬೆರಳಿಟ್ಟು "ಇವತ್ತು 2009 ಅಂತೆ" ಅಂದರು. ಕಂಪ್ಯೂಟರ್‌ನ ಪ್ರಕಾರ ಎದುರಿಗೆ ಬಂದ ಸರ್ಟಿಫಿಕೇಟ್‌ಗಳೆಲ್ಲ ಇನ್ನೂ ಹುಟ್ಟಿಯೇ ಇರಲಿಲ್ಲ. ತಾರೀಕು ಸರಿಮಾಡಿದ ಮೇಲೆ ಎಲ್ಲ ಸೈಟೂ ತೆರೆದುಕೊಂಡವು. ಮರುದಿನ ಕಾಪು ಪೇಟೆಯ ವಾಚ್ ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ಸಿಕ್ಕಿತು. ಇಡೀ ಪ್ರಪಂಚವೇ ಸುರಕ್ಷಿತವಲ್ಲ ಅಂತ ಕಂಡರೆ ಮೊದಲು ಗಡಿಯಾರ ನೋಡಿ ಅಂತ ಅವತ್ತಿನಿಂದ ಅವರೇ ಎಲ್ಲರಿಗೂ ಹೇಳುತ್ತಿದ್ದಾರೆ.

ಹಳೇ ಯಂತ್ರಗಳದ್ದು ಬೇರೆ ರಗಳೆಯೂ ಉಂಟು. ಸರ್ಟಿಫಿಕೇಟ್ ಕೊಟ್ಟವರನ್ನೂ ಯಾರಾದರೂ ನಂಬಬೇಕಲ್ಲ, ಆ ನಂಬಿಕೆಯ ಪಟ್ಟಿ ಫೋನ್‌ನೊಳಗೆ, ಕಂಪ್ಯೂಟರ್‌ನೊಳಗೆ ಇರುತ್ತದೆ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಮೊದಲಿನಿಂದ ಆತುಕೊಂಡಿದ್ದ ಒಂದು ಹಳೇ ರೂಟ್ (ಉಳಿದವನ್ನು ನಂಬಲು ಬೇರಾದ) ಸರ್ಟಿಫಿಕೇಟ್‌ನ ಅವಧಿ ಮುಗಿಯಿತು. ಪಟ್ಟಿ ಹೊಸದಾಗದ ಯಂತ್ರಗಳು ಅವತ್ತು ಸರಿಯಾದ ಸರ್ಟಿಫಿಕೇಟನ್ನೂ ಬೇಡ ಅಂದವು. ಎಸ್‌ಎಸ್‌ಎಲ್‌ನ ಜಾಗಕ್ಕೆ ಬಂದ ಟಿಎಲ್‌ಎಸ್‌ನ 1.0 ಮತ್ತು 1.1 ಆವೃತ್ತಿಗಳನ್ನು ಅದೇ ವರ್ಷದ ಮಾರ್ಚ್‌ನಲ್ಲಿ ಅಧಿಕೃತವಾಗಿ ಹಿಂದಕ್ಕೆ ಹಾಕಲಾಯಿತು. ಅಷ್ಟು ಮಾತ್ರ ಗೊತ್ತಿರುವ ಹಳೇ ಮೇಲ್ ಪ್ರೋಗ್ರಾಂಗಳಿಗೆ ಹೊಸ ಸರ್ವರ್‌ಗಳ ಜೊತೆ ಮಾತೇ ಬರುವುದಿಲ್ಲ. ಅಲ್ಲಿ ಬರುವ ದೋಷದ ಸಂದೇಶ ನೋಡಿ ಹೋಸ್ಟಿಂಗ್‌ನವರನ್ನು ಬೈದು ಪ್ರಯೋಜನ ಇಲ್ಲ.

ಒತ್ತಿದರೆ ಹೋಗುವುದು ಎಂತ?

"ಒತ್ತಿದ್ರೆ ಹೋಗ್ತದೆ" ಎಂಬ ಮಾತಿಗೆ ಮತ್ತೆ ಬರುತ್ತೇನೆ. ಒತ್ತಿದರೆ ಹೋಗುವುದು ಎಚ್ಚರಿಕೆ ಮಾತ್ರ ಅಲ್ಲ, ಪಾಸ್‌ವರ್ಡ್ ಕೂಡ. ಮೇಲ್ ಆ್ಯಪ್ ಕೆಲವು ನಿಮಿಷಕ್ಕೊಮ್ಮೆ ತಾನೇ ಸರ್ವರ್‌ಗೆ ಹೋಗಿ ಪಾಸ್‌ವರ್ಡ್ ಕೊಟ್ಟು ಬರುತ್ತದೆ. ಮುಂಬೈಗೆ ಕಾರ್ಯಕ್ರಮಕ್ಕೆ ಹೋಗಿ ಯಾವುದೋ ಲಾಡ್ಜ್‌ನಲ್ಲಿ ವೈಫೈ ಹಾಕಿಕೊಂಡಿದ್ದೀರಿ ಅಂತ ಇಟ್ಟುಕೊಳ್ಳಿ. ಅಲ್ಲಿ ಯಾರೋ ಒಬ್ಬ ತನ್ನ ಯಂತ್ರವನ್ನೇ ಸಂಘದ ಮೇಲ್ ಸರ್ವರ್ ಅಂತ ತೋರಿಸಿದರೂ ಫೋನ್ ಕೊಡುವುದು ಇದೇ ಎಚ್ಚರಿಕೆ. ಊರಲ್ಲಿ ದಿನಾ ಒತ್ತಿದ ಬೆರಳು ಅಲ್ಲೂ ಒತ್ತುತ್ತದೆ. ಆಮೇಲೆ ಆ ವಿಳಾಸದಿಂದ ದುಬೈಯವರಿಗೆ ಒಂದು ಮೇಲ್ ಹೋಗುತ್ತದೆ, ಸಂಘದ ಖಾತೆ ಬದಲಾಗಿದೆ, ದೇಣಿಗೆಯನ್ನು ಈ ನಂಬರಿಗೆ ಹಾಕಿ ಅಂತ. ಬ್ಯಾಂಕುಗಳ ಹೆಸರೇ ಬದಲಾಗಿರುವ ಈ ಕಾಲದಲ್ಲಿ ಯಾರಿಗೆ ಅನುಮಾನ ಬರುತ್ತದೆ?

ಹಾಗಂತ ಬೀಗದ ಚಿತ್ರ ಇದ್ದರೆ ಎಲ್ಲ ಸರಿ ಅಂತಲೂ ಅಲ್ಲ. ಹೆಸರು ತಾಳೆಯಾಯಿತು, ದಾರಿಯಲ್ಲಿ ಯಾರೂ ಓದುತ್ತಿಲ್ಲ, ಅಷ್ಟನ್ನೇ ಅದು ಹೇಳುವುದು. ಆ ಹೆಸರಿನವ ಒಳ್ಳೆಯವನೋ ಕಳ್ಳನೋ ಅಂತ ಹೇಳುವುದಿಲ್ಲ. ಸರ್ಟಿಫಿಕೇಟ್ ಕೊಡುವವರೇ ಎಡವಿದ ಉದಾಹರಣೆ ನಮ್ಮ ದೇಶದಲ್ಲೇ ಉಂಟು. 2014ರ ಜುಲೈಯಲ್ಲಿ, ಕೇಂದ್ರ ಸರಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯ ಅಡಿಯಲ್ಲಿ ಗೂಗಲ್‌ನ ಕೆಲವು ಡೊಮೈನ್‌ಗಳ ಹೆಸರಿಗೆ ಅನುಮತಿ ಇಲ್ಲದೆ ಸರ್ಟಿಫಿಕೇಟ್ ಹೊರಬಿದ್ದದ್ದು ಪತ್ತೆಯಾಯಿತು. ವಿಂಡೋಸ್ ಆ ಸರ್ಟಿಫಿಕೇಟ್‌ಗಳನ್ನು ನಂಬುತ್ತಿತ್ತು, ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಂಡದ್ದರಿಂದ ನಂಬುತ್ತಿರಲಿಲ್ಲ. ಮೇಲಿನ ನಿಯಂತ್ರಕರು ಎನ್‌ಐಸಿಯ ಅಧಿಕಾರವನ್ನು ರದ್ದು ಮಾಡಬೇಕಾಯಿತು. ಬ್ರೌಸರ್‌ಗಳು ನಂಬುವ ಸರ್ಟಿಫಿಕೇಟ್‌ಗಳು ಈಗ ಬಹುತೇಕ ಎಲ್ಲ ಸಾರ್ವಜನಿಕ ದಾಖಲೆಗೆ ಹೋಗುತ್ತವೆ, ಯಾರು ಬೇಕಾದರೂ ತಮ್ಮ ಡೊಮೈನ್ ಹೆಸರು ಹಾಕಿ ಹುಡುಕಬಹುದು. ಸಂಘದ ಡೊಮೈನ್ ಹಾಕಿ ಹುಡುಕಿದಾಗ, ಆ ಹುಡುಗ ಯಾವತ್ತೋ ಪರೀಕ್ಷೆಗೆ ಮಾಡಿ ಮರೆತುಹೋದ ಉಪಹೆಸರುಗಳೂ ಸಾಲಾಗಿ ಬಂದವು.

ಇದರ ಮಧ್ಯೆ ಒಂದು ತಮಾಷೆ. ಇಷ್ಟೆಲ್ಲ ಗಲಾಟೆ ನಮ್ಮ ಫೋನ್ ಮತ್ತು ನಮ್ಮ ಸರ್ವರ್ ನಡುವೆ. ನಮ್ಮ ಸರ್ವರ್‌ನಿಂದ ಇನ್ನೊಬ್ಬರ ಸರ್ವರ್‌ಗೆ ಮೇಲ್ ಹೋಗುವಾಗ ಸಾಧಾರಣವಾಗಿ ಹೆಸರು ತಾಳೆ ನೋಡುವವರೇ ಇಲ್ಲ. ಗುಪ್ತವಾಗಿ ಕಳಿಸಲು ಸಾಧ್ಯವಾದರೆ ಕಳಿಸು, ಇಲ್ಲದಿದ್ದರೆ ಹಾಗೇ ಕಳಿಸು ಎಂಬ ಒಪ್ಪಂದ. ಗುಪ್ತವಾಗಿ ಬರದ ಮೇಲ್‌ಗೆ ಜಿಮೇಲ್ 2016ರಿಂದ ತೆರೆದ ಕೆಂಪು ಬೀಗ ತೋರಿಸುತ್ತಿದೆ. ಕಡ್ಡಾಯ ಮಾಡುವ ನಿಯಮಗಳೂ ಈಗ ಉಂಟು, ಪುಕ್ಕಟೆ ಖಾತೆಯ ಮಟ್ಟಿಗೆ ಅದು ದೂರದ ಮಾತು.

ಪುಕ್ಕಟೆಯ ಲೆಕ್ಕ

ನನ್ನ ಅಭಿಪ್ರಾಯ ಕೇಳಿದರೆ ಸೈಟ್ ಪುಕ್ಕಟೆ ಇರಲಿ, ಮೇಲ್ ಪುಕ್ಕಟೆ ಹೋಸ್ಟಿಂಗ್‌ನಲ್ಲಿ ಬೇಡ. ಇವೆರಡೂ ಒಂದೇ ಕಡೆ ಇರಬೇಕು ಎಂಬ ನಿಯಮವೇ ಇಲ್ಲ. ಡೊಮೈನ್ ಯಾವ ಸರ್ವರ್‌ನಲ್ಲಿ ಉಂಟು ಎಂದು ಹೇಳುವ ಡಿಎನ್‌ಎಸ್‌ನಲ್ಲಿ ಎಂಎಕ್ಸ್ ಎನ್ನುವ ದಾಖಲೆ ಇರುವುದೇ ಮೇಲ್ ಬೇರೆ ಕಡೆ ಹೋಗಲಿ ಅಂತ. ಇಷ್ಟು ವರ್ಷ ಹೀಗೇ ನಡೆದಿದೆಯಲ್ಲ ಅನ್ನುವವರಿಗೆ ಇನ್ನೊಂದು ಲೆಕ್ಕ ಹೇಳಬೇಕು. ಸರ್ಟಿಫಿಕೇಟ್‌ಗಳ ಗರಿಷ್ಠ ಆಯುಸ್ಸನ್ನು ಇಳಿಸುವುದಕ್ಕೆ 2025ರಲ್ಲಿ ಒಪ್ಪಿಗೆ ಆಗಿದೆ. 2026ರ ಮಾರ್ಚ್ 15ರಿಂದ 200 ದಿನ, ಮರುವರ್ಷ 100, 2029ರ ಮಾರ್ಚ್‌ಗೆ 47. ತಾನಾಗಿ ನವೀಕರಿಸುವ ಸರ್ವರ್‌ಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಪುಕ್ಕಟೆ ಪ್ಯಾನೆಲ್‌ನಲ್ಲಿ ಸರ್ಟಿಫಿಕೇಟನ್ನು ಕೈಯಿಂದ ನಕಲು ಮಾಡಿ ಅಂಟಿಸುವವರು ಏನು ಮಾಡುತ್ತಾರೆ? ಆ ಹುಡುಗ ಪ್ರತೀ ಸಲ ಬೆಂಗಳೂರಿನಿಂದ ಲಾಗಿನ್ ಆಗುತ್ತಾನಾ?

ಮೇಲನ್ನು ಬೇರೆ ಕಡೆಗೆ ಬದಲಿಸುವಾಗ ಗಮನ ಇಡಬೇಕಾದ ಒಂದೆರಡು ಸಂಗತಿ ಮಾತ್ರ ಹೇಳುತ್ತೇನೆ, ಯಾಕೆಂದರೆ ಜನ ಎಡವುವುದು ಅಲ್ಲೇ. ಹಳೇ ಮೇಲ್‌ಗಳನ್ನು ಎಂಎಕ್ಸ್ ಬದಲಿಸುವ ಮೊದಲೇ ನಕಲು ಮಾಡಿಟ್ಟುಕೊಳ್ಳಿ. ನಮ್ಮ ಡೊಮೈನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹಳೆಯದರ ಕೆಳಗೆ ಹೊಸದೊಂದು ಸೇರಿಸಿದರೆ ಎರಡೂ ಅಸಿಂಧು. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ, ಎಸ್‌ಪಿಎಫ್ ಅಥವಾ ಡಿಕೆಐಎಂ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಸರಿ ಇಲ್ಲದಿದ್ದರೆ ಆಮಂತ್ರಣ ಸ್ಪ್ಯಾಮ್‌ಗೆ ಹೋಗುತ್ತದೆ ಅಥವಾ ವಾಪಸ್ ಬರುತ್ತದೆ. ಎಲ್ಲಕ್ಕಿಂತ ಕಳ್ಳ ಸಮಸ್ಯೆ ಸೈಟಿನ ಸಂಪರ್ಕ ಫಾರಂನದ್ದು. ಎಂಎಕ್ಸ್ ಬದಲಾದರೂ ಹಳೇ ಹೋಸ್ಟ್‌ಗೆ ಈ ಡೊಮೈನ್‌ನ ಮೇಲ್ ತನ್ನಲ್ಲೇ ಉಂಟು ಅಂತ ಅನಿಸಿರುತ್ತದೆ. ಫಾರಂ ತುಂಬಿದವರ ಪತ್ರಗಳು ಯಾರೂ ತೆರೆಯದ ಹಳೇ ಪೆಟ್ಟಿಗೆಗೆ ಬಿದ್ದು ತುಂಬುತ್ತಾ ಇರುತ್ತವೆ. ಪ್ಯಾನೆಲ್‌ನ ಮೇಲ್ ರೂಟಿಂಗ್‌ನಲ್ಲಿ ಹೊರಗಿನದ್ದು ಅಂತ ಬದಲಿಸುವವರೆಗೂ ಇದು ಗೊತ್ತೇ ಆಗುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ.

ದುಡ್ಡಿನ ಮಾತು ಬಂದಾಗ ಸಂಘದ ಸಭೆ ಎಂದಿನ ಹಾಗೇ ನಡೆಯಿತು. ವಾರ್ಷಿಕೋತ್ಸವದ ಫ್ಲೆಕ್ಸ್‌ಗೆ, ಹಾರ ಶಾಲಿಗೆ, ಊಟಕ್ಕೆ ತಕರಾರಿಲ್ಲದೆ ಮಂಜೂರು. ಮೇಲ್‌ಗೆ ದುಡ್ಡು ಅಂದ ಕೂಡಲೇ "ಜಿಮೇಲ್ ಫ್ರೀ ಉಂಟಲ್ಲ?" ಎಂಬ ಪ್ರಶ್ನೆ. ತಪ್ಪು ಪ್ರಶ್ನೆಯೇನಲ್ಲ. ವಿಳಾಸ ಅಚ್ಚಾಗಿರದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಬರುವ ಮೇಲ್ ಅನ್ನು ಜಿಮೇಲ್‌ಗೆ ತಿರುಗಿಸುವ ಪುಕ್ಕಟೆ ದಾರಿಗಳೂ ಇವೆ, ಆದರೆ ಉತ್ತರ ಹೋಗುವಾಗ ಬೇರೆ ವಿಳಾಸದಿಂದ ಹೋದರೆ ದೇಣಿಗೆ ಕೊಡುವವರಿಗೆ ಗಲಿಬಿಲಿ. ಕಾರ್ಯದರ್ಶಿಗೆ ಒಂದು, ಖಜಾಂಚಿಗೆ ಒಂದು, ಎರಡೇ ಪೆಟ್ಟಿಗೆ ಸಾಕು, ಅಧ್ಯಕ್ಷರಿಗೆ ವಾಟ್ಸಾಪ್ ಉಂಟು ಅಂತ ತೀರ್ಮಾನವಾಯಿತು. ಆಮೇಲೆ ಅರ್ಧ ಗಂಟೆ ಚರ್ಚೆ ನಡೆದದ್ದು ಈ ಖರ್ಚನ್ನು ಯಾವ ಹೆಡ್‌ಗೆ ಹಾಕುವುದು ಎಂಬುದರ ಮೇಲೆ. ಕಂಪ್ಯೂಟರ್ ದುರಸ್ತಿ ಅಂತ ಒಬ್ಬರು, ಪ್ರಚಾರ ಅಂತ ಇನ್ನೊಬ್ಬರು, ಇತರೆ ಅಂತ ಹಿಂದಿನ ಸಾಲಿನಿಂದ. ಆಡಿಟರ್ ಇತರೆ ಖರ್ಚು ಕಂಡರೆ ಕೆಂಡವಾಗುತ್ತಾರೆ ಅಂತ ಖಜಾಂಚಿಗಳು ಅದನ್ನು ತಳ್ಳಿಹಾಕಿದರು. ಲೆಡ್ಜರ್ ಮಗುಚಿ ನೋಡಿದರು. 'ಅಂಚೆ ವೆಚ್ಚ' ಎಂಬ ಹೆಡ್ ಅದರಲ್ಲಿ ಇನ್ನೂ ಉಂಟು, ಕೆಲವು ವರ್ಷಗಳಿಂದ ಸೊನ್ನೆ. ಅಲ್ಲಿಗೇ ಹಾಕಿದರು.